ಊರಿನ ಹೆಸರಿಗೆ ಮೊದಲು ಟು ಬರಬೇಕೋ, ಫ್ರಮ್ ಬರಬೇಕೋ? ಇಂಗ್ಲಿಷ್ ಗುಣವಾಚಕಗಳ ಜೊತೆ ಪ್ರಿಪೊಸಿಷನ್ ಆರಿಸುವ ಕ್ರಮ

"ಮೈಸೂರು ಈಸ್ ಫೇಮಸ್ ಟು ಸಿಲ್ಕ್." "ಹಂಪಿ ಈಸ್ ನಿಯರ್‌ಬೈ ಟು ಹೊಸಪೇಟೆ." "ಮೈಸೂರು ಈಸ್ 145 ಕಿಲೋಮೀಟರ್ಸ್ ಫಾರ್ ಫ್ರಮ್ ಬೆಂಗಳೂರು." ಹೋಂಸ್ಟೇ ಜಾಹೀರಾತು, ಉದ್ಯೋಗದ ಅರ್ಜಿ, ಶಾಲಾ ಪ್ರಬಂಧ, ಸಂದರ್ಶನದ ಸ್ವಪರಿಚಯ, ಎಲ್ಲ ಕಡೆಯೂ ಇಂಥ ವಾಕ್ಯಗಳು ಸಿಗುತ್ತವೆ. ಮೂರೂ ಅರ್ಥವಾಗುತ್ತವೆ, ಮೂರೂ ತಪ್ಪು. ತಪ್ಪಿಗೆ ಕಾರಣ ಅಜಾಗರೂಕತೆಯಲ್ಲ. ಕನ್ನಡದ ವಿಭಕ್ತಿ ಪ್ರತ್ಯಯವನ್ನು ಹಾಗೇ ಎತ್ತಿ ಇಂಗ್ಲಿಷಿನಲ್ಲಿಟ್ಟರೆ ಹೀಗಾಗುತ್ತದೆ. ರೇಷ್ಮೆಗೆ ಪ್ರಸಿದ್ಧ ಎಂಬಲ್ಲಿನ "ಗೆ" ನೇರವಾಗಿ "ಟು" ಆಗಿಬಿಡುತ್ತದೆ.

ಓದುವ ಮುನ್ನ ಒಂದು ಸೂಚನೆ. ಕನ್ನಡ ಲಿಪಿಯಲ್ಲಿ ಬರೆದಾಗ ಕೆಲವು ಇಂಗ್ಲಿಷ್ ಪದಗಳು ಒಂದೇ ಥರ ಕಾಣುತ್ತವೆ. ಆದ್ದರಿಂದ ಒಂದೇ ಎಫ್ ಇರುವ ಪದವನ್ನು, ಅದರ ಉಚ್ಚಾರದಂತೆ, "ಆವ್" ಎಂದು ಬರೆದಿದೆ. ಎರಡು ಎಫ್ ಇರುವುದು "ಆಫ್". ದೂರ ಎಂಬ ಅರ್ಥದ್ದು "ಫಾರ್". ಕಾರಣ, ಉದ್ದೇಶ ಹೇಳುವ ಪ್ರಿಪೊಸಿಷನ್ ಮಾತಿನ ಓಟದಲ್ಲಿ ಕೇಳಿಸುವಂತೆ "ಫರ್".

ಯಾರ ಮಾತು ನಡೆಯುತ್ತದೆ?

ಕನ್ನಡದಲ್ಲಿ ಪ್ರತ್ಯಯ ಊರಿನ ಹೆಸರಿಗೆ ಅಂಟಿಕೊಳ್ಳುತ್ತದೆ: ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ, ಹುಬ್ಬಳ್ಳಿಯಲ್ಲಿ. ಹಾಗಾಗಿ ಅದು ಊರಿನ ಸೊತ್ತು ಎಂದು ನಮ್ಮ ಕಿವಿ ಭಾವಿಸುತ್ತದೆ. ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ ಊರಿನ ಪಕ್ಕದಲ್ಲೇ ನಿಂತರೂ ಅದನ್ನು ಆರಿಸುವುದು ಅದಕ್ಕೂ ಹಿಂದೆ ಇರುವ ಗುಣವಾಚಕ. "ಕ್ಲೋಸ್" ಎಂದರೆ "ಟು" ಬರಲೇಬೇಕು, ಮುಂದೆ ಹುಬ್ಬಳ್ಳಿ ಇರಲಿ, ಹಿಮಾಲಯ ಇರಲಿ. "ಫಾರ್" ಎಂದರೆ "ಫ್ರಮ್". ಊರಿನ ಹೆಸರಿಗೆ ಇದರಲ್ಲಿ ಯಾವ ಅಧಿಕಾರವೂ ಇಲ್ಲ.

ಆದರೆ "ಸ್ಟಕ್", "ಪ್ರೆಸೆಂಟ್", "ಅವೈಲಬಲ್", "ಪಾಪ್ಯುಲರ್" ಮುಂತಾದವುಗಳಿಗೆ ಸ್ಥಳದ ವಿಷಯದಲ್ಲಿ ಸ್ವಂತ ಆಯ್ಕೆ ಇಲ್ಲ. ಆಗ ಮಾತ್ರ ಸ್ಥಳ ಎಂಥದ್ದು ಎಂಬುದನ್ನು ನೋಡಿ ಇನ್, ಆ್ಯಟ್, ಆನ್ ಮೂರರಲ್ಲಿ ಒಂದನ್ನು ಆರಿಸಬೇಕು.

ಆದ್ದರಿಂದ ಮೊದಲು ಗುಣವಾಚಕಕ್ಕೆ ಸ್ವಂತ ಪ್ರಿಪೊಸಿಷನ್ ಇದೆಯೇ ನೋಡಿ. ಇಲ್ಲದಿದ್ದರೆ ಸ್ಥಳದ ಸ್ವರೂಪ ನೋಡಿ. ಆಮೇಲೆ ಹೆಸರಿಗೆ "ದಿ" ಬೇಕೇ ಎಂದು ನೋಡಿ. ಕೊನೆಗೆ ಇಡೀ ಪದಗುಚ್ಛ ವಾಕ್ಯದಲ್ಲಿ ಎಲ್ಲಿ ಕೂರಬೇಕು ಎಂದು ನೋಡಿ. ಈ ಅನುಕ್ರಮ ಕೆಟ್ಟರೆ, ಅಂದರೆ ಊರನ್ನು ನೋಡಿ ಮೊದಲೇ "ಇನ್" ಹಾಕಿಬಿಟ್ಟರೆ, ಮುಂದಿನದ್ದೆಲ್ಲ ಕೆಡುತ್ತದೆ.

ಟು ಕೇಳುವವು

ಸಾಮೀಪ್ಯ ಮತ್ತು ಸಂಬಂಧ ಹೇಳುವ ಗುಣವಾಚಕಗಳು ಬಹುಪಾಲು "ಟು" ಕೇಳುತ್ತವೆ: ಕ್ಲೋಸ್, ಅಡ್ಜೇಸೆಂಟ್, ಪ್ಯಾರಲಲ್, ನೇಟಿವ್, ಯೂನೀಕ್, ಸಿಮಿಲರ್, ನ್ಯೂ. ಇವುಗಳಲ್ಲಿ ಹೆಚ್ಚಿನವಕ್ಕೆ ಕನ್ನಡದಲ್ಲೂ "ಗೆ" ಬರುವುದರಿಂದ ಇಲ್ಲಿ ಕನ್ನಡವೇ ನಿಮಗೆ ಸಹಾಯ ಮಾಡುತ್ತದೆ. ಬೆಂಗಳೂರಿಗೆ ಹೊಸಬ: "ನ್ಯೂ ಟು ಬೆಂಗಳೂರು". ಎಂ.ಜಿ. ರಸ್ತೆಗೆ ಸಮಾನಾಂತರ: "ಚರ್ಚ್ ಸ್ಟ್ರೀಟ್ ಈಸ್ ಪ್ಯಾರಲಲ್ ಟು ಎಂ.ಜಿ. ರೋಡ್". ವಿಧಾನಸೌಧಕ್ಕೆ ತಾಗಿದ: "ವಿಕಾಸಸೌಧ ಈಸ್ ಅಡ್ಜೇಸೆಂಟ್ ಟು ವಿಧಾನಸೌಧ".

ಈ ಸರಾಗದಲ್ಲೇ ಜಾರುವ ಜಾಗ ಎರಡಿವೆ. ಒಂದು "ನಿಯರ್". ಅದಕ್ಕೆ "ಟು" ಬೇಡ. "ಹಂಪಿ ಈಸ್ ನಿಯರ್ ಹೊಸಪೇಟೆ" ಎಂದರೆ ಮುಗಿಯಿತು, ಏಕೆಂದರೆ ಇಲ್ಲಿ ನಿಯರ್ ತಾನೇ ಪ್ರಿಪೊಸಿಷನ್ ಆಗಿ ಕೆಲಸ ಮಾಡುತ್ತಿದೆ. "ನಿಯರರ್", "ನಿಯರೆಸ್ಟ್" ಆದಾಗ "ಟು" ಸಲೀಸಾಗಿ ಬರುತ್ತದೆ: "ದಿ ರೈಲ್ವೇ ಸ್ಟೇಷನ್ ನಿಯರೆಸ್ಟ್ ಟು ಹಂಪಿ ಈಸ್ ಹೊಸಪೇಟೆ". "ನಿಯರ್‌ಬೈ" ಬೇರೆಯೇ ಪದ. ಅದರ ಮುಂದೆ ಊರಿನ ಹೆಸರು ಬರುವುದೇ ಇಲ್ಲ. "ಎ ನಿಯರ್‌ಬೈ ವಿಲೇಜ್" ಎನ್ನಬಹುದು, "ದೇರ್ ಈಸ್ ಎ ಹಾಸ್ಪಿಟಲ್ ನಿಯರ್‌ಬೈ" ಎನ್ನಬಹುದು. "ನಿಯರ್‌ಬೈ ಹೊಸಪೇಟೆ", "ನಿಯರ್‌ಬೈ ಟು ಹೊಸಪೇಟೆ" ಎರಡನ್ನೂ ಬಿಡಿ.

ಇನ್ನೊಂದು "ಆಪೊಸಿಟ್". ವಿಧಾನಸೌಧಕ್ಕೆ ಎದುರು ಎಂಬಲ್ಲಿ "ಕ್ಕೆ" ಇದೆ, ಆದರೆ ಇಂಗ್ಲಿಷಿನಲ್ಲಿ "ದಿ ಹೈಕೋರ್ಟ್ ಈಸ್ ಆಪೊಸಿಟ್ ವಿಧಾನಸೌಧ" ಎಂದಷ್ಟೇ ಬರೆಯುವುದು ರೂಢಿ. ವಿಳಾಸಗಳಲ್ಲಿ ಕಾಣುವ "ಆಪೊಸಿಟ್ ಟು ಬಸ್ ಸ್ಟ್ಯಾಂಡ್" ಎಂಬುದನ್ನು "ಆಪೊಸಿಟ್ ದಿ ಬಸ್ ಸ್ಟ್ಯಾಂಡ್" ಎಂದು ತಿದ್ದಿ. ನಡುವೆ ನದಿಯೋ ರಸ್ತೆಯೋ ಇದ್ದರೆ "ಅಕ್ರಾಸ್ ಫ್ರಮ್" ಇನ್ನೂ ಸ್ಪಷ್ಟ: "ಆನೆಗೊಂದಿ ಈಸ್ ಅಕ್ರಾಸ್ ದಿ ರಿವರ್ ಫ್ರಮ್ ಹಂಪಿ".

"ನೇಟಿವ್" ಕುರಿತು ನಿಧಾನವಾಗಿ ಹೇಳಬೇಕು, ಏಕೆಂದರೆ ಕರ್ನಾಟಕದಲ್ಲಿ ಈ ಪದ ದಿನಬಳಕೆಯದು. ಗಿಡ, ಪ್ರಾಣಿಗಳ ಮಾತು ಬಂದಾಗ ಅದು ಗುಣವಾಚಕ, ಜೊತೆಗೆ "ಟು": "ಅರೇಬಿಕಾ ಕಾಫಿ ಈಸ್ ನೇಟಿವ್ ಟು ಇಥಿಯೋಪಿಯಾ". ಮನುಷ್ಯರ ಮಾತು ಬಂದಾಗ ಅದು ನಾಮಪದ, ಮುಂದೆ "ಎ", ಜೊತೆಗೆ "ಆವ್": "ಶಿ ಈಸ್ ಎ ನೇಟಿವ್ ಆವ್ ಮಂಡ್ಯ". ಇವೆರಡೂ ಕಲಸಿ "ಐ ಆ್ಯಮ್ ನೇಟಿವ್ ಆವ್ ಮಂಡ್ಯ" ಆದಾಗ "ಎ" ಬಿಟ್ಟುಹೋಗಿರುತ್ತದೆ. "ಮೈ ನೇಟಿವ್ ಈಸ್ ಮಂಡ್ಯ" ಎಂಬುದು ನಮ್ಮಲ್ಲಿ ಎಲ್ಲರಿಗೂ ತಿಳಿಯುತ್ತದೆ. ಹೊರದೇಶದವರಿಗೆ ಬರೆಯುವ ಪತ್ರದಲ್ಲಿ ಬೇಡ. ಸಂದರ್ಶನದಲ್ಲಿ ಎಲ್ಲಕ್ಕಿಂತ ಸರಳವಾದದ್ದು "ಐ ಆ್ಯಮ್ ಫ್ರಮ್ ಮಂಡ್ಯ". "ಐ ಆ್ಯಮ್ ಬಿಲಾಂಗಿಂಗ್ ಟು ಮಂಡ್ಯ" ಎಂಬುದನ್ನಂತೂ ಪೂರ್ತಿ ಬಿಟ್ಟುಬಿಡಿ.

"ನೇಟಿವ್" ಪಕ್ಕದ ಮನೆಯಲ್ಲಿ "ಎಂಡೆಮಿಕ್" ಇದೆ. ಪ್ರಭೇದವೊಂದು ಆ ಪ್ರದೇಶ ಬಿಟ್ಟು ಬೇರೆಲ್ಲೂ ಸಹಜವಾಗಿ ಇಲ್ಲದಿದ್ದರೆ "ಎಂಡೆಮಿಕ್ ಟು": ಸಿಂಗಳೀಕ "ಈಸ್ ಎಂಡೆಮಿಕ್ ಟು ದಿ ವೆಸ್ಟರ್ನ್ ಘಾಟ್ಸ್". ರೋಗವೊಂದು ಆ ಪ್ರದೇಶದಲ್ಲಿ ಸದಾ ಇದ್ದರೆ ಸಾಮಾನ್ಯವಾಗಿ "ಎಂಡೆಮಿಕ್ ಇನ್": 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ "ಈಸ್ ಎಂಡೆಮಿಕ್ ಇನ್ ಪಾರ್ಟ್ಸ್ ಆವ್ ಶಿವಮೊಗ್ಗ". "ಕಾಮನ್" ಕೂಡ ಹೀಗೆಯೇ ಎರಡು ದಾರಿ ಹಿಡಿಯುತ್ತದೆ. ಒಂದು ಕಡೆ ಹೇರಳವಾಗಿ ಕಾಣುವುದು "ಕಾಮನ್ ಇನ್ ಮಲೆನಾಡು". ಎರಡು ಊರುಗಳು ಹಂಚಿಕೊಂಡಿರುವುದು "ಕಾಮನ್ ಟು ಉಡುಪಿ ಆ್ಯಂಡ್ ಕುಂದಾಪುರ".

"ಫೆಮಿಲಿಯರ್" ಜೊತೆ ಎಚ್ಚರ ಬೇಕು. ಬೆಳಗಾವಿ ನನಗೆ ಪರಿಚಿತ ಎಂಬ ವಾಕ್ಯವನ್ನು ಎರಡು ರೀತಿ ಬರೆಯಬಹುದು. ಊರು ಕರ್ತೃವಾದರೆ "ಬೆಳಗಾವಿ ಈಸ್ ಫೆಮಿಲಿಯರ್ ಟು ಮಿ". ವ್ಯಕ್ತಿ ಕರ್ತೃವಾದರೆ "ಐ ಆ್ಯಮ್ ಫೆಮಿಲಿಯರ್ ವಿತ್ ಬೆಳಗಾವಿ". ಅಂದರೆ ಊರಿನ ಹೆಸರಿಗೆ ಮೊದಲು ಬರುವುದು "ವಿತ್". "ಐ ಆ್ಯಮ್ ಫೆಮಿಲಿಯರ್ ಟು ಬೆಳಗಾವಿ" ಎಂದರೆ ಬೆಳಗಾವಿಗೆ ನಾನು ಗೊತ್ತು ಎಂಬ ಅರ್ಥ ಹೊರಡುತ್ತದೆ.

ದೂರ ಹೇಳುವಾಗ

ಅತಿ ಹೆಚ್ಚು ಕಾಣುವ ತಪ್ಪು ಇಲ್ಲಿದೆ. ಕನ್ನಡದಲ್ಲಿ "145 ಕಿ.ಮೀ. ದೂರ" ಎನ್ನುತ್ತೇವೆ, ಆದ್ದರಿಂದ ಇಂಗ್ಲಿಷಿನಲ್ಲೂ ಸಂಖ್ಯೆಯ ಮುಂದೆ "ಫಾರ್" ಬಂದು ಕೂರುತ್ತದೆ. ಇಂಗ್ಲಿಷಿನ "ಫಾರ್" ಅಳತೆ ಹೊರುವುದಿಲ್ಲ. ಎಷ್ಟು ಎಂದು ಹೇಳಿದ ಮೇಲೆ "ಫಾರ್" ಬಿದ್ದುಹೋಗಬೇಕು, ಇಲ್ಲವೇ ಅದರ ಜಾಗಕ್ಕೆ "ಅವೇ" ಬರಬೇಕು:

"ಮೈಸೂರು ಈಸ್ ಅಬೌಟ್ 145 ಕಿಲೋಮೀಟರ್ಸ್ ಫ್ರಮ್ ಬೆಂಗಳೂರು."
"ಮೈಸೂರು ಈಸ್ ಅಬೌಟ್ 145 ಕಿಲೋಮೀಟರ್ಸ್ ಅವೇ ಫ್ರಮ್ ಬೆಂಗಳೂರು."

"ಫಾರ್" ಸಹಜವಾಗಿ ಬರುವುದು ಪ್ರಶ್ನೆಯಲ್ಲಿ ಮತ್ತು ನಿಷೇಧದಲ್ಲಿ: "ಹೌ ಫಾರ್ ಈಸ್ ಶಿರಸಿ ಫ್ರಮ್ ಹಿಯರ್?", "ಧಾರವಾಡ ಈಸ್ ನಾಟ್ ಫಾರ್ ಫ್ರಮ್ ಹುಬ್ಬಳ್ಳಿ". ಬರೀ ದೂರ ಎಂದು ಹೇಳಬೇಕಾದಾಗ "ಎ ಲಾಂಗ್ ವೇ ಫ್ರಮ್" ಹೆಚ್ಚು ಒಪ್ಪುತ್ತದೆ: "ಬೀದರ್ ಈಸ್ ಎ ಲಾಂಗ್ ವೇ ಫ್ರಮ್ ಬೆಂಗಳೂರು". ಪ್ರಶ್ನೆಗೆ "ಹೌ ಮೆನಿ ಕಿಲೋಮೀಟರ್ಸ್ ಫಾರ್" ಎಂದು ಶುರುಮಾಡಬೇಡಿ, "ಹೌ ಫಾರ್" ಸಾಕು.

ಸಮಯದಲ್ಲಿ ಹೇಳುವಾಗಲೂ ಇದೇ ರಚನೆ: "ಟೂ ಅವರ್ಸ್ ಫ್ರಮ್ ಮಂಗಳೂರು" ಅಥವಾ "ಟೂ ಅವರ್ಸ್ ಅವೇ ಫ್ರಮ್ ಮಂಗಳೂರು". ಬಸ್ಸು ಹುಬ್ಬಳ್ಳಿಗೆ ಇನ್ನೂ 10 ಕಿ.ಮೀ. ಇರುವಾಗ ಕೆಟ್ಟು ನಿಂತಿತು ಎನ್ನಲು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾದ ಮಾತೊಂದಿದೆ: "ದಿ ಬಸ್ ಬ್ರೋಕ್ ಡೌನ್ 10 ಕಿಲೋಮೀಟರ್ಸ್ ಶಾರ್ಟ್ ಆವ್ ಹುಬ್ಬಳ್ಳಿ". ಇದನ್ನು ಕಲಿತಿಟ್ಟುಕೊಂಡರೆ ಒಂದು ಉದ್ದನೆಯ ವಾಕ್ಯ ಉಳಿಯುತ್ತದೆ.

ಹೋಲಿಕೆ ಬಂದಾಗ ಪ್ರಿಪೊಸಿಷನ್ ಎರಡು ಸಲ ಬರೆಯಿರಿ. "ಧಾರವಾಡ ಈಸ್ ಕ್ಲೋಸರ್ ಟು ಹುಬ್ಬಳ್ಳಿ ದ್ಯಾನ್ ಬೆಳಗಾವಿ" ಎಂಬುದಕ್ಕೆ ಎರಡರ್ಥ: ಧಾರವಾಡಕ್ಕೆ ಬೆಳಗಾವಿಗಿಂತ ಹುಬ್ಬಳ್ಳಿ ಹತ್ತಿರ ಎಂದೂ ಆಗಬಹುದು, ಹುಬ್ಬಳ್ಳಿಗೆ ಬೆಳಗಾವಿಗಿಂತ ಧಾರವಾಡ ಹತ್ತಿರ ಎಂದೂ ಆಗಬಹುದು. ಮೊದಲನೆಯದು ನಿಮ್ಮ ಉದ್ದೇಶವಾದರೆ "ದ್ಯಾನ್ ಟು ಬೆಳಗಾವಿ"; ಎರಡನೆಯದಾದರೆ "ದ್ಯಾನ್ ಬೆಳಗಾವಿ ಈಸ್". ಪುಟ್ಟದೊಂದು "ಟು" ಗೊಂದಲವನ್ನು ಪೂರ್ತಿ ತೆಗೆಯುತ್ತದೆ.

"ಡಿಫರೆಂಟ್" ಮುಂದೆ "ಫ್ರಮ್" ಎಲ್ಲ ಕಡೆಯೂ ನಡೆಯುತ್ತದೆ. ಬ್ರಿಟನ್ನಿನಲ್ಲಿ "ಡಿಫರೆಂಟ್ ಟು", ಅಮೆರಿಕದಲ್ಲಿ "ಡಿಫರೆಂಟ್ ದ್ಯಾನ್" ಕೂಡ ಕಿವಿಗೆ ಬೀಳುತ್ತವೆ, ಆದರೆ ಬರೆಯುವಾಗ ಫ್ರಮ್ ಹಿಡಿದುಕೊಳ್ಳಿ. ಇಲ್ಲಿ ಕನ್ನಡದ್ದೇ ಆದ ಇನ್ನೊಂದು ಎಡವಟ್ಟಿದೆ. ಮಡಿಕೇರಿಯ ಹವೆ ಮಂಗಳೂರಿಗಿಂತ ಬೇರೆ ಎಂದರೆ ನಮಗೆ ಸಾಕು. ಇಂಗ್ಲಿಷಿನಲ್ಲಿ "ದಿ ಕ್ಲೈಮೇಟ್ ಆವ್ ಮಡಿಕೇರಿ ಈಸ್ ಡಿಫರೆಂಟ್ ಫ್ರಮ್ ಮಂಗಳೂರು" ಎಂದರೆ ಹವೆಯನ್ನು ಊರಿನ ಜೊತೆ ಹೋಲಿಸಿದಂತೆ. "ಫ್ರಮ್ ದಟ್ ಆವ್ ಮಂಗಳೂರು" ಎಂದೋ "ಫ್ರಮ್ ಮಂಗಳೂರೂಸ್" ಎಂಬ ಷಷ್ಠಿ ರೂಪದಲ್ಲೋ ಮುಗಿಸಿ. "ಸಿಮಿಲರ್ ಟು" ಬಂದಾಗಲೂ ಹೀಗೆಯೇ.

ದಿಕ್ಕು

ಬೆಂಗಳೂರಿನ ಉತ್ತರಕ್ಕೆ ಎಂಬುದರಿಂದ "ನಾರ್ತ್ ಟು ಬೆಂಗಳೂರು" ಹುಟ್ಟುತ್ತದೆ. ಸರಿಯಾದದ್ದು "ನಾರ್ತ್ ಆವ್ ಬೆಂಗಳೂರು": "ದೇವನಹಳ್ಳಿ ಈಸ್ ನಾರ್ತ್ ಆವ್ ಬೆಂಗಳೂರು". "ಟು" ಬೇಕೇ ಬೇಕು ಎನಿಸಿದರೆ ಅದು ದಿಕ್ಕಿನ ಹಿಂದೆ ಬರಲಿ, ಜೊತೆಗೆ "ದಿ" ಇರಲಿ: "ಟು ದಿ ನಾರ್ತ್ ಆವ್ ಬೆಂಗಳೂರು". ಎರಡೂ ರೂಪದಲ್ಲಿ ಊರಿಗೆ ತಾಗಿ ನಿಲ್ಲುವುದು "ಆವ್" ಒಂದೇ.

ಒಳಗೋ ಹೊರಗೋ ಎಂಬುದನ್ನು ದಿಕ್ಕಿನ ಹಿಂದಿನ ಪದ ತೀರ್ಮಾನಿಸುತ್ತದೆ. "ಬೀದರ್ ಈಸ್ ಇನ್ ದಿ ನಾರ್ತ್ ಆವ್ ಕರ್ನಾಟಕ": ಬೀದರ್ ರಾಜ್ಯದ ಒಳಗಿದೆ. "ಮಹಾರಾಷ್ಟ್ರ ಈಸ್ ಟು ದಿ ನಾರ್ತ್ ಆವ್ ಕರ್ನಾಟಕ": ಹೊರಗಿದೆ. "ಬೀದರ್ ಈಸ್ ನಾರ್ತ್ ಆವ್ ಕರ್ನಾಟಕ" ಎಂದು ಬರೆದರೆ ನೀವು ಬೀದರನ್ನು ರಾಜ್ಯದಿಂದ ಆಚೆ ಇಟ್ಟಿರಿ. ಭೂಗೋಳದ ಉತ್ತರಪತ್ರಿಕೆಯಲ್ಲಿ ಇದಕ್ಕೆ ಅಂಕ ಹೋಗುವುದು ನ್ಯಾಯವೇ.

ಅಳತೆಯನ್ನು ದಿಕ್ಕಿನ ಮುಂಚೆ ಇಡಿ: "145 ಕಿಲೋಮೀಟರ್ಸ್ ಸೌತ್-ವೆಸ್ಟ್ ಆವ್ ಬೆಂಗಳೂರು". "ಜಸ್ಟ್" ಸೇರಿಸಿದರೆ ತೀರ ಸಮೀಪ: "ಕಾರವಾರ ಈಸ್ ಜಸ್ಟ್ ಸೌತ್ ಆವ್ ದಿ ಗೋವಾ ಬಾರ್ಡರ್". ನದಿಯ ಊರುಗಳಿಗೆ "ಅಪ್‌ಸ್ಟ್ರೀಮ್", "ಡೌನ್‌ಸ್ಟ್ರೀಮ್" ಎಂಬ ಜೋಡಿ ಇದೆ, ಅವಕ್ಕೂ "ಆವ್" ಅಥವಾ "ಫ್ರಮ್": "ಶ್ರೀರಂಗಪಟ್ಟಣ ಈಸ್ ಡೌನ್‌ಸ್ಟ್ರೀಮ್ ಆವ್ ದಿ ಕೆ.ಆರ್.ಎಸ್. ಡ್ಯಾಮ್".

ಫೇಮಸ್, ರಿಚ್, ಡಿಪೆಂಡೆಂಟ್

"ಫೇಮಸ್" ಮುಂದೆ ಏನು ಬರುತ್ತಿದೆ ಎಂದು ನೋಡಿ. ಪ್ರಸಿದ್ಧಿಗೆ ಕಾರಣವಾದ ವಸ್ತು ಬಂದರೆ "ಫರ್", ಪ್ರಸಿದ್ಧಿ ಹರಡಿರುವ ಜಾಗ ಬಂದರೆ "ಇನ್" ಅಥವಾ "ಥ್ರೂಔಟ್". "ಚನ್ನಪಟ್ಟಣ ಈಸ್ ಫೇಮಸ್ ಫರ್ ಇಟ್ಸ್ ವುಡನ್ ಟಾಯ್ಸ್." "ಚನ್ನಪಟ್ಟಣ ಟಾಯ್ಸ್ ಆರ್ ಫೇಮಸ್ ಥ್ರೂಔಟ್ ಇಂಡಿಯಾ." ಎರಡೂ ಒಟ್ಟಿಗೆ ಬಂದಾಗ ಯಾವುದು ಮೊದಲು ಬಂದರೂ ನಡೆಯುತ್ತದೆ. "ಫರ್" ನಂತರ ಕ್ರಿಯಾಪದ ಬಂದರೆ ಅದಕ್ಕೆ "ಇಂಗ್" ಸೇರಲೇಬೇಕು: "ಫೇಮಸ್ ಫರ್ ಮೇಕಿಂಗ್ ಟಾಯ್ಸ್". "ಫೇಮಸ್ ಟು ಮೇಕ್" ಅಲ್ಲ. "ಇಟ್ಸ್" ಎಂಬ ಸಣ್ಣ ಪದವೂ ಮುಖ್ಯ. "ಶ್ರವಣಬೆಳಗೊಳ ಈಸ್ ಫೇಮಸ್ ಫರ್ ಇಟ್ಸ್ ಸ್ಟ್ಯಾಚ್ಯೂ ಆವ್ ಬಾಹುಬಲಿ" ಎಂದಾಗ ಆ ಮೂರ್ತಿ ಆ ಊರಿನದೇ ಎಂಬುದು ಗಟ್ಟಿಯಾಗುತ್ತದೆ.

ಅದಿರು, ನೀರು, ಮಣ್ಣಿನ ಮಾತಿಗೆ "ರಿಚ್ ಇನ್": "ಬಳ್ಳಾರಿ ಈಸ್ ರಿಚ್ ಇನ್ ಐರನ್ ಓರ್". ಇಲ್ಲಿ "ಇನ್" ಊರಿಗೆ ಅಂಟಿಲ್ಲ, ಅದಿರಿಗೆ ಅಂಟಿದೆ. ತಿರುಗಿಸಿದರೆ ಊರು "ಇನ್" ಮುಂದೆ ಬರುತ್ತದೆ: "ಐರನ್ ಓರ್ ಈಸ್ ಅಬಂಡೆಂಟ್ ಇನ್ ಬಳ್ಳಾರಿ". "ಡಿಪೆಂಡೆಂಟ್" ಆದರೆ "ಆನ್", ಯಾತಕ್ಕಾಗಿ ಎಂಬುದಕ್ಕೆ "ಫರ್": "ಬೆಂಗಳೂರು ಈಸ್ ಡಿಪೆಂಡೆಂಟ್ ಆನ್ ದಿ ಕಾವೇರಿ ಫರ್ ವಾಟರ್".

"ಪಾಪ್ಯುಲರ್" ಜನರ ಮುಂದೆ "ವಿತ್", ಜಾಗದ ಮುಂದೆ "ಇನ್": "ಪಾಪ್ಯುಲರ್ ವಿತ್ ಸ್ಟೂಡೆಂಟ್ಸ್ ಇನ್ ದಾವಣಗೆರೆ". ಮುಂಬೈಗೆ ಹೊರಟ ರೈಲಿಗೆ "ಬೌಂಡ್ ಫರ್ ಮುಂಬೈ", "ಬೌಂಡ್ ಟು" ಅಲ್ಲ. "ಬೌಂಡ್ ಟು" ಎಂದರೆ ಖಂಡಿತ ಆಗಿಯೇ ಆಗುವುದು ಅಥವಾ ಕಟ್ಟುಪಾಡಿಗೆ ಒಳಗಾದದ್ದು.

ಗುಣವಾಚಕ ಸುಮ್ಮನಿದ್ದಾಗ

ಸ್ಟಕ್, ಪ್ರೆಸೆಂಟ್, ಸೇಫ್, ಬ್ಯುಸಿ, ಅವೈಲಬಲ್, ಸೆಟಲ್ಡ್, ಲೊಕೇಟೆಡ್. ಇವುಗಳ ಮುಂದೆ ಸ್ಥಳದ ಸ್ವರೂಪವೇ ಪ್ರಿಪೊಸಿಷನ್ ಆರಿಸುತ್ತದೆ. ಗಡಿ ಇರುವ ಪ್ರದೇಶ, ಅಂದರೆ ಹಳ್ಳಿ, ನಗರ, ಜಿಲ್ಲೆ, ರಾಜ್ಯ, ದೇಶ ಇದ್ದರೆ "ಇನ್". ನಕ್ಷೆಯಲ್ಲಿ ಒಂದು ಚುಕ್ಕೆಯಂತೆ ಭಾವಿಸುವ ಜಾಗ, ಅಂದರೆ ನಿಲ್ದಾಣ, ವೃತ್ತ, ಚೆಕ್‌ಪೋಸ್ಟ್ ಇದ್ದರೆ "ಆ್ಯಟ್". ಮೇಲ್ಮೈ ಅಥವಾ ಗೆರೆ, ಅಂದರೆ ರಸ್ತೆ, ನದಿದಂಡೆ, ಕರಾವಳಿ, ಬೆಟ್ಟ, ಪ್ಲಾಟ್‌ಫಾರ್ಮ್ ಇದ್ದರೆ "ಆನ್".

ಒಂದೇ ಜಾಗಕ್ಕೆ ಎರಡೂ ಒಪ್ಪುವುದು ಇದೆ, ಅರ್ಥ ಸ್ವಲ್ಪ ಬದಲಾಗುತ್ತದೆ. "ಸ್ಟಕ್ ಆ್ಯಟ್ ಸಿಲ್ಕ್ ಬೋರ್ಡ್" ಎಂದರೆ ಆ ಜಂಕ್ಷನ್ನಿನಲ್ಲಿ. "ಸ್ಟಕ್ ಆನ್ ಹೊಸೂರು ರೋಡ್" ಎಂದರೆ ಆ ರಸ್ತೆಯ ಮೇಲೆ ಎಲ್ಲೋ. "ಸ್ಟಕ್ ಇನ್ ಬೆಂಗಳೂರು" ಎಂದರೆ ಊರು ಬಿಟ್ಟು ಹೊರಡಲಾಗುತ್ತಿಲ್ಲ. ಅರಸೀಕೆರೆಯಲ್ಲಿ ರೈಲು ನಿಂತಿದೆ ಎಂದು ಪ್ರಯಾಣಿಕ ಹೇಳುವಾಗ "ಆ್ಯಟ್ ಅರಸೀಕೆರೆ", ಏಕೆಂದರೆ ಪಯಣದ ಲೆಕ್ಕದಲ್ಲಿ ಅದೊಂದು ನಿಲುಗಡೆ. ಅಲ್ಲಿ ಮನೆ ಮಾಡಿರುವವರು "ಸೆಟಲ್ಡ್ ಇನ್ ಅರಸೀಕೆರೆ".

ದ್ವೀಪಗಳಲ್ಲಿ ಗಮನವಿರಲಿ. ದೇಶವಾಗಿ ನೋಡಿದರೆ "ಇನ್ ಶ್ರೀಲಂಕಾ". ಶ್ರೀರಂಗಪಟ್ಟಣ ಕಾವೇರಿಯ ನಡುವಿನ ದ್ವೀಪವಾದರೂ ಪಟ್ಟಣವಾಗಿ ಹೇಳುವಾಗ "ಇನ್ ಶ್ರೀರಂಗಪಟ್ಟಣ"; "ಐಲ್ಯಾಂಡ್" ಎಂಬ ಪದ ಬಂದರೆ "ಆನ್ ದಿ ಐಲ್ಯಾಂಡ್". ಮಲ್ಪೆಯ ಕಡಲಿನಲ್ಲಿರುವ ಸೇಂಟ್ ಮೇರೀಸ್ ದ್ವೀಪಗಳಿಗೆ "ಆಫ್": "ಆಫ್ ದಿ ಕೋಸ್ಟ್ ಆವ್ ಮಲ್ಪೆ". ಈ ಒಂದೇ ಗುಚ್ಛದಲ್ಲಿ ಆಫ್ ಮತ್ತು ಆವ್ ಎರಡೂ ಇವೆ. ಅದಲು ಬದಲಾದರೆ ದ್ವೀಪ ನೆಲಕ್ಕೆ ಬರುತ್ತದೆ.

ನೌಕರಿಯ ಅರ್ಜಿಗಳಲ್ಲಿ "ಪೋಸ್ಟೆಡ್" ಪದೇ ಪದೇ ಬರುತ್ತದೆ. ವರ್ಗಾಗಿ ಹೋದ ಕ್ರಿಯೆ ಹೇಳುವಾಗ "ಪೋಸ್ಟೆಡ್ ಟು ಕಲಬುರಗಿ ಇನ್ 2019". ಈಗ ಇರುವ ಸ್ಥಿತಿ ಹೇಳುವಾಗ "ಪೋಸ್ಟೆಡ್ ಇನ್ ಕಲಬುರಗಿ". "ರೆಸಿಡೆಂಟ್" ಎರಡು ವೇಷದಲ್ಲಿದೆ: ನಾಮಪದವಾದರೆ "ಎ ರೆಸಿಡೆಂಟ್ ಆವ್ ಗದಗ", ಗುಣವಾಚಕವಾದರೆ "ರೆಸಿಡೆಂಟ್ ಇನ್ ಗದಗ". ಮತದಾರರ ಪಟ್ಟಿಯ ಕಾನೂನಾದ 1950ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಬರುವ "ಆರ್ಡಿನರಿಲಿ ರೆಸಿಡೆಂಟ್ ಇನ್ ಎ ಕಾನ್‌ಸ್ಟಿಟ್ಯುಯೆನ್ಸಿ" ಎಂಬುದು ಗುಣವಾಚಕದ ಬಳಕೆ. ಅಫಿಡವಿಟ್ ಬರೆಯುವಾಗ ಇವೆರಡನ್ನು ಬೆರೆಸಬೇಡಿ.

ಇನ್ನು, ಪ್ರಿಪೊಸಿಷನ್ ಬರಲೇಬಾರದ ಜಾಗ. ಅಬ್ರಾಡ್, ಹಿಯರ್, ದೇರ್ ಎಂಬ ಪದಗಳಲ್ಲಿ "ಅಲ್ಲಿ" ಪ್ರತ್ಯಯದ ಅರ್ಥ ಆಗಲೇ ಸೇರಿಕೊಂಡಿದೆ. ವಿದೇಶದಲ್ಲಿ ನೆಲೆಸಿದ್ದಾರೆ ಎಂಬುದು "ಸೆಟಲ್ಡ್ ಅಬ್ರಾಡ್". ಮದುವೆ ಜಾಹೀರಾತುಗಳ "ಸೆಟಲ್ಡ್ ಇನ್ ಅಬ್ರಾಡ್" ತಪ್ಪು. ಹಾಗೆಯೇ "ನ್ಯೂ ಹಿಯರ್", "ನ್ಯೂ ಟು ಹಿಯರ್" ಅಲ್ಲ. "ಫಾರ್ ಫ್ರಮ್ ಹಿಯರ್", "ಕ್ಲೋಸ್ ಟು ಹೋಮ್" ಮಾತ್ರ ಸರಿ, ಅಲ್ಲಿ ಗುಣವಾಚಕವೇ ಕೇಳುತ್ತಿದೆ.

ದಿ

ಪ್ರಿಪೊಸಿಷನ್ ಸರಿ ಬಂದ ಮೇಲೂ ಒಂದು ಕೊರತೆ ಉಳಿಯಬಹುದು. ಊರು, ಜಿಲ್ಲೆ, ರಾಜ್ಯ, ಒಂಟಿ ಶಿಖರ, ಕೆರೆ ಇವುಗಳ ಹೆಸರಿಗೆ "ದಿ" ಬೇಡ: "ಕ್ಲೋಸ್ ಟು ಮುಳ್ಳಯ್ಯನಗಿರಿ", "ನಿಯರ್ ಹಲಸೂರು ಲೇಕ್". ನದಿ, ಸಮುದ್ರ, ಪರ್ವತಶ್ರೇಣಿ, ದ್ವೀಪಸಮೂಹ, ಬಹುವಚನದ ಹೆಸರುಗಳಿಗೆ ಬೇಕು: "ಆನ್ ದಿ ತುಂಗಭದ್ರಾ", "ಕ್ಲೋಸ್ ಟು ದಿ ಅರೇಬಿಯನ್ ಸೀ", "ನೇಟಿವ್ ಟು ದಿ ವೆಸ್ಟರ್ನ್ ಘಾಟ್ಸ್", "ಪೋಸ್ಟೆಡ್ ಇನ್ ದಿ ಅಂಡಮಾನ್ಸ್". ದೇಶಗಳಲ್ಲಿ ಯುನೈಟೆಡ್ ಸ್ಟೇಟ್ಸ್, ಯು.ಕೆ., ಯು.ಎ.ಇ., ನೆದರ್‌ಲ್ಯಾಂಡ್ಸ್, ಫಿಲಿಪ್ಪೀನ್ಸ್ ಇವಕ್ಕೆ "ದಿ" ಸೇರುತ್ತದೆ. ಕರಾವಳಿಯ ಅನೇಕ ಮನೆಗಳ ಮಾತಾದ ಗಲ್ಫ್ ಕೂಡ "ಸೆಟಲ್ಡ್ ಇನ್ ದಿ ಗಲ್ಫ್"; ದುಬೈ ಬಂದರೆ ಮತ್ತೆ ಬರೀ "ಇನ್ ದುಬೈ".

ಗುಚ್ಛ ಎಲ್ಲಿ ಕೂರಬೇಕು?

ಮೈಸೂರಿಗೆ ಹತ್ತಿರದ ಹಳ್ಳಿ. ಕನ್ನಡದಲ್ಲಿ ವಿಶೇಷಣ ಎಷ್ಟೇ ಉದ್ದವಿದ್ದರೂ ನಾಮಪದದ ಮುಂಚೆಯೇ ಬರುತ್ತದೆ. ಅದೇ ಅನುಕ್ರಮದಲ್ಲಿ "ಎ ಕ್ಲೋಸ್ ಟು ಮೈಸೂರು ವಿಲೇಜ್" ಎಂದರೆ ಇಂಗ್ಲಿಷ್ ಮುರಿಯುತ್ತದೆ. ಗುಣವಾಚಕ ಪ್ರಿಪೊಸಿಷನ್ ಹೊತ್ತು ಬಂದ ಕೂಡಲೇ ಅದು ನಾಮಪದದ ಹಿಂದಕ್ಕೆ, ಅಂದರೆ ಬಲಗಡೆಗೆ ಹೋಗಬೇಕು: "ಎ ವಿಲೇಜ್ ಕ್ಲೋಸ್ ಟು ಮೈಸೂರು", "ಟ್ರೀಸ್ ನೇಟಿವ್ ಟು ದಿ ವೆಸ್ಟರ್ನ್ ಘಾಟ್ಸ್", "ಎ ಟೌನ್ ಫೇಮಸ್ ಫರ್ ಇಟ್ಸ್ ಚಿಲೀಸ್". ಪ್ರಿಪೊಸಿಷನ್ ಇಲ್ಲದ ಒಂಟಿ ಗುಣವಾಚಕ ಮಾತ್ರ ಮುಂಚೆ ನಿಲ್ಲುತ್ತದೆ: "ಎ ಫೇಮಸ್ ಟೌನ್", "ನೇಟಿವ್ ಟ್ರೀಸ್".

ಕೆಲವಕ್ಕೆ ಒಂದು ಅಡ್ಡದಾರಿ ಇದೆ. ಊರಿನ ಹೆಸರನ್ನು ಮುಂದೆ ತಂದು ಹೈಫನ್ ಹಾಕಿದರೆ ಪ್ರಿಪೊಸಿಷನ್ ಕರಗಿಹೋಗುತ್ತದೆ. "ಬೇಸ್ಡ್ ಇನ್ ಬೆಂಗಳೂರು" ಎಂಬುದು "ಬೆಂಗಳೂರು-ಬೇಸ್ಡ್ ಕಂಪನಿ", "ಬಾರ್ನ್ ಇನ್ ಮಂಗಳೂರು" ಎಂಬುದು "ಮಂಗಳೂರು-ಬಾರ್ನ್ ಆರ್ಟಿಸ್ಟ್", "ಬೌಂಡ್ ಫರ್ ಮುಂಬೈ" ಎಂಬುದು "ಮುಂಬೈ-ಬೌಂಡ್ ಟ್ರೇನ್". ಪತ್ರಿಕೆಯವರಿಗೆ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ಎಲ್ಲ ಗುಣವಾಚಕಕ್ಕೂ ಇದು ಒಗ್ಗುವುದಿಲ್ಲ. "ಮೈಸೂರು-ಕ್ಲೋಸ್ ವಿಲೇಜ್" ಎಂಬುದು ಇಂಗ್ಲಿಷಿನಲ್ಲಿಲ್ಲ. ಇನ್ನೊಂದು ಮಾತು: 2014ರ ನವೆಂಬರ್ 1ರಿಂದ ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾಗಿವೆ. ಹೈಫನ್ ಪದಗಳಲ್ಲಿ ಹಳೆಯ ಕಾಗುಣಿತ ಹಾಗೇ ಉಳಿದುಬಿಡುವುದುಂಟು, ನೋಡಿಕೊಳ್ಳಿ.

ಪ್ರಶ್ನೆಯಲ್ಲಿ ಇನ್ನೊಂದು ಬಗೆಯ ನಷ್ಟವಾಗುತ್ತದೆ. ಚನ್ನಪಟ್ಟಣ ಯಾವುದಕ್ಕೆ ಪ್ರಸಿದ್ಧ ಎಂದಾಗ ಪ್ರತ್ಯಯ "ಯಾವುದು" ಎಂಬುದಕ್ಕೇ ಅಂಟಿದೆ. ಇಂಗ್ಲಿಷಿನಲ್ಲಿ ಪ್ರಶ್ನಾಪದ ಮುಂದಕ್ಕೆ ಓಡಿದರೂ ಪ್ರಿಪೊಸಿಷನ್ ಗುಣವಾಚಕದ ಪಕ್ಕದಲ್ಲೇ ಉಳಿಯುತ್ತದೆ: "ವಾಟ್ ಈಸ್ ಚನ್ನಪಟ್ಟಣ ಫೇಮಸ್ ಫರ್?" "ವಿಚ್ ಸಿಟಿ ಆರ್ ಯು ಮೋಸ್ಟ್ ಫೆಮಿಲಿಯರ್ ವಿತ್?" ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಬರಬಾರದು ಎಂಬ ಹಳೆಯ ಶಾಲಾ ಪಾಠಕ್ಕೆ ಹೆದರಿ ಅದನ್ನು ಬಿಟ್ಟರೆ ವಾಕ್ಯ ಕುಂಟುತ್ತದೆ.

ಒಂದು ಪರಿಚ್ಛೇದವನ್ನು ತಿದ್ದುವುದು

ಮಾದರಿಗಾಗಿ ಕಟ್ಟಿದ ಹೋಂಸ್ಟೇ ಪರಿಚಯ ಇಲ್ಲಿದೆ: "ಅವರ್ ಹೋಂಸ್ಟೇ ಈಸ್ 12 ಕಿಲೋಮೀಟರ್ಸ್ ಫಾರ್ ಟು ಮಡಿಕೇರಿ, ಲೊಕೇಟೆಡ್ ಆ್ಯಟ್ ಕೊಡಗು ಡಿಸ್ಟ್ರಿಕ್ಟ್. ಇಟ್ ಈಸ್ ಎ ಸರೌಂಡೆಡ್ ವಿತ್ ಕಾಫಿ ಪ್ಲೇಸ್, ವೆರಿ ಫೇಮಸ್ ಟು ಬರ್ಡ್ಸ್ ನೇಟಿವ್ ಆವ್ ವೆಸ್ಟರ್ನ್ ಘಾಟ್ಸ್. ಈವನ್ ಗೆಸ್ಟ್ಸ್ ಸೆಟಲ್ಡ್ ಇನ್ ಅಬ್ರಾಡ್ ಆರ್ ಫೆಮಿಲಿಯರ್ ಟು ಅವರ್ ಪ್ಲೇಸ್."

ಗುಣವಾಚಕಗಳಿಗೆ ಮೊದಲು ಗೆರೆ ಎಳೆಯಿರಿ: ಫಾರ್, ಲೊಕೇಟೆಡ್, ಸರೌಂಡೆಡ್, ಫೇಮಸ್, ನೇಟಿವ್, ಸೆಟಲ್ಡ್, ಫೆಮಿಲಿಯರ್. ಏಳು ಗುಣವಾಚಕ, ಏಳೂ ಕಡೆ ತೊಡಕು. ಅಳತೆ ಇರುವುದರಿಂದ "ಫಾರ್" ಹೋಗಬೇಕು, "ಟು" ಬದಲು "ಫ್ರಮ್". ಜಿಲ್ಲೆಗೆ ಗಡಿ ಇದೆ, ಆದ್ದರಿಂದ "ಇನ್". "ಸರೌಂಡೆಡ್" ಕೇಳುವುದು "ಬೈ", ಮತ್ತು ಅದು ನಾಮಪದದ ಬಲಗಡೆಗೆ ಹೋಗಬೇಕು. "ಫೇಮಸ್" ಮುಂದೆ ಕಾರಣ ಬಂದಿದೆ, "ಫರ್". ಹಕ್ಕಿಗಳಿಗೆ "ನೇಟಿವ್ ಟು", ಪರ್ವತಶ್ರೇಣಿಗೆ "ದಿ". "ಅಬ್ರಾಡ್" ಒಂಟಿಯಾಗಿರಲಿ. ಅತಿಥಿ ಕರ್ತೃ, ಹಾಗಾಗಿ "ವಿತ್".

ತಿದ್ದಿದ್ದು: "ಅವರ್ ಹೋಂಸ್ಟೇ ಈಸ್ ಇನ್ ಕೊಡಗು ಡಿಸ್ಟ್ರಿಕ್ಟ್, 12 ಕಿಲೋಮೀಟರ್ಸ್ ಫ್ರಮ್ ಮಡಿಕೇರಿ. ಸರೌಂಡೆಡ್ ಬೈ ಕಾಫಿ, ಇಟ್ ಈಸ್ ವೆಲ್ ನೋನ್ ಫರ್ ಬರ್ಡ್ಸ್ ನೇಟಿವ್ ಟು ದಿ ವೆಸ್ಟರ್ನ್ ಘಾಟ್ಸ್. ಈವನ್ ಗೆಸ್ಟ್ಸ್ ಸೆಟಲ್ಡ್ ಅಬ್ರಾಡ್ ಆರ್ ಫೆಮಿಲಿಯರ್ ವಿತ್ ಇಟ್." "ಲೊಕೇಟೆಡ್" ಇಲ್ಲದೆಯೂ ವಾಕ್ಯ ನಿಂತಿದೆ, ಆ ಪದವನ್ನು ಹತ್ತರಲ್ಲಿ ಎಂಟು ಸಲ ತೆಗೆಯಬಹುದು. "ಫೇಮಸ್" ಬದಲು "ವೆಲ್ ನೋನ್" ಹಾಕಿದ್ದು ಹದಕ್ಕಾಗಿ, ಎರಡಕ್ಕೂ "ಫರ್" ಒಂದೇ.

ಅನುಮಾನ ಬಂದಾಗ ಊರಿನ ಹೆಸರನ್ನು ಹುಡುಕಬೇಡಿ, ಗುಣವಾಚಕವನ್ನು ಹುಡುಕಿ. ಸಾಮಾನ್ಯ ಇಂಗ್ಲಿಷ್-ಕನ್ನಡ ನಿಘಂಟು ಅರ್ಥ ಕೊಡುತ್ತದೆ, ಜೊತೆಯ ಪ್ರಿಪೊಸಿಷನ್ ಹೆಚ್ಚಾಗಿ ಕೊಡುವುದಿಲ್ಲ. ಕಲಿಯುವವರಿಗಾಗಿಯೇ ಮಾಡಿದ ಲರ್ನರ್ಸ್ ಡಿಕ್ಷನರಿಗಳಲ್ಲಿ ಗುಣವಾಚಕದ ಉದಾಹರಣೆಗಳ ಜೊತೆ ಅದರ ಪ್ರಿಪೊಸಿಷನ್ ದಪ್ಪಕ್ಷರದಲ್ಲಿ ಸಿಗುತ್ತದೆ. ಉಚಿತವಾಗಿ ಆನ್‌ಲೈನಿನಲ್ಲೂ ಇವೆ. ಗೂಗಲ್ ಬುಕ್ಸ್ ಎನ್‌ಗ್ರಾಮ್ ವ್ಯೂವರ್‌ನಲ್ಲಿ ಗುಣವಾಚಕ ಬರೆದು, ಜಾಗ ಬಿಟ್ಟು ನಕ್ಷತ್ರ ಚಿಹ್ನೆ ಹಾಕಿದರೆ ಅದರ ನಂತರ ಮುದ್ರಿತ ಪುಸ್ತಕಗಳಲ್ಲಿ ಅತಿ ಹೆಚ್ಚು ಬಂದಿರುವ ಹತ್ತು ಪದಗಳನ್ನು ತೋರಿಸುತ್ತದೆ. ಬ್ರಿಟಿಷ್ ಮತ್ತು ಅಮೆರಿಕನ್ ಪುಸ್ತಕಗಳನ್ನು ಬೇರೆ ಬೇರೆಯಾಗಿ ಆರಿಸುವ ಅವಕಾಶವೂ ಅಲ್ಲಿದೆ. "ಡಿಫರೆಂಟ್" ಪದದ ಜಗಳ ಬಂದಾಗ ಎರಡನ್ನೂ ತೆರೆದು ನೋಡಿ.